ಜೋಡಿ ಕಟ್ಟುವವರು ಯಾರು?

ಕೇಳುಗರಿಗೆ ನಮಸ್ಕಾರ.

ದಸರಾ ಹತ್ತಿರ ಬಂದಾಗ ಮೈಸೂರಿನ ಪತ್ರಿಕೆಗಳಲ್ಲಿ ಒಂದು ಪುಟ್ಟ ಸುದ್ದಿ ಕಾಣಿಸುತ್ತದೆ: ಕುಸ್ತಿಯ ಜೋಡಿ ಕಟ್ಟುವ ಕಾರ್ಯಕ್ರಮ. ಪೈಲ್ವಾನರು ಒಂದೆಡೆ ಸೇರುತ್ತಾರೆ. ತೂಕ, ಮೈಕಟ್ಟು, ಅನುಭವ ನೋಡಿ ಇವನಿಗೆ ಇವನು ಜೋಡಿ ಎಂದು ಹಿರಿಯರು ಹೇಳುತ್ತಾರೆ. ನಾಲ್ಕು ಜನರ ಎದುರಿಗೆ ನಡೆಯುವ ಕೆಲಸ ಅದು.

ವೃತ್ತಿಪರ ಬಾಕ್ಸಿಂಗ್‌ನಲ್ಲಿಯೂ ಜೋಡಿ ಕಟ್ಟುತ್ತಾರೆ, ಆದರೆ ಮುಚ್ಚಿದ ಬಾಗಿಲ ಹಿಂದೆ. ಪ್ರಮೋಟರು, ಮ್ಯಾನೇಜರು, ಟಿವಿ ವಾಹಿನಿಯವರು, ವಕೀಲರು ಅಲ್ಲಿ ಕುಳಿತಿರುತ್ತಾರೆ. ಪಟ್ಟ ಯಾರ ಸೊಂಟದಲ್ಲಿದೆಯೋ ಅವನ ಕಡೆಯವರ ಮಾತೇ ಅಲ್ಲಿ ನಡೆಯುತ್ತದೆ. ಯಾರ ಜೊತೆ ಹೋರಾಟ, ಯಾವ ಊರಿನಲ್ಲಿ, ಎಷ್ಟು ತೂಕಕ್ಕೆ, ಈ ವರ್ಷವೋ ಐದು ವರ್ಷ ಬಿಟ್ಟೋ, ಎಲ್ಲವೂ ಅಲ್ಲೇ ತೀರ್ಮಾನವಾಗುತ್ತದೆ. ಆಮೇಲೆ ನಮ್ಮ ಕೈಗೆ ಬರುವುದು ಒಂದು ಅಂಕಿ ಮಾತ್ರ. ಇಷ್ಟು ಗೆಲುವು, ಸೊನ್ನೆ ಸೋಲು. ಆ ಸೊನ್ನೆಯ ಬಗ್ಗೆ ಇವತ್ತು ನನ್ನದೊಂದಿಷ್ಟು ತಕರಾರಿದೆ.

ಅಮೆರಿಕದ ಬಾಕ್ಸರ್ ಫ್ಲಾಯ್ಡ್ ಮೇವೆದರ್‌ನಿಂದ ಆರಂಭಿಸೋಣ. 50 ಹೋರಾಟ, 50 ಗೆಲುವು. ಫಿಲಿಪ್ಪೀನ್ಸ್‌ನ ಮ್ಯಾನಿ ಪಕಿಯಾವೊ ಜೊತೆ ಅವನ ಹೋರಾಟವಾಗಬೇಕು ಎಂದು ಜಗತ್ತು ಕೇಳಿದ್ದು 2009ರಲ್ಲಿ. ಆಗ ಇಬ್ಬರೂ ಉತ್ತುಂಗದಲ್ಲಿದ್ದರು. ಉದ್ದೀಪನ ಮದ್ದು ಪತ್ತೆಹಚ್ಚುವ ರಕ್ತ ಪರೀಕ್ಷೆ ಯಾವಾಗ, ಹೇಗೆ ಎಂಬಲ್ಲಿ ಮಾತುಕತೆ ಮುರಿಯಿತು. ಹೋರಾಟ ನಡೆದದ್ದು 2015ರ ಮೇ 2ರಂದು, ಲಾಸ್ ವೇಗಸ್‌ನಲ್ಲಿ. ಅಷ್ಟರಲ್ಲಿ ಪಕಿಯಾವೊಗೆ 36 ವರ್ಷ. ಮೆಕ್ಸಿಕೋದ ಹ್ವಾನ್ ಮ್ಯಾನುಯೆಲ್ ಮಾರ್ಕೆಸ್ 2012ರಲ್ಲಿ ಒಂದೇ ಹೊಡೆತಕ್ಕೆ ಅವನನ್ನು ಬೋರಲು ಕೆಡವಿಯೂ ಆಗಿತ್ತು. ಮೇವೆದರ್ ಗೆದ್ದ. ಅಮೆರಿಕದಲ್ಲಿ 46 ಲಕ್ಷ ಮನೆಗಳು ಹಣ ಕೊಟ್ಟು ಅದನ್ನು ನೋಡಿದವು, ನೋಡಿ ಆಕಳಿಸಿದವು.

ಇನ್ನೊಂದು ತುದಿಯಲ್ಲಿ ಸಾಲ್ ಆಲ್ವಾರೆಸ್. ಜನ ಅವನನ್ನು ಕನೆಲೊ ಎನ್ನುತ್ತಾರೆ. 2013ರಲ್ಲಿ ಮೇವೆದರ್ ಎದುರು ನಿಂತಾಗ ಅವನಿಗೆ 23 ವರ್ಷ. ಅವರು ಹೋರಾಡಿದ ತೂಕದ ವರ್ಗದ ಮಿತಿ 154 ಪೌಂಡ್. ಒಪ್ಪಂದದಲ್ಲಿ ಬರೆಸಿದ್ದು 152. ಎರಡೇ ಪೌಂಡ್ ಅಲ್ಲವೇ ಎನ್ನಬಹುದು. ಮೈಯಲ್ಲಿ ನೀರನ್ನೂ ಉಳಿಸಿಕೊಳ್ಳದೆ ತೂಕ ಇಳಿಸುವವನಿಗೆ ಕೊನೆಯ ಎರಡು ಪೌಂಡ್ ಎಂದರೆ ಏನೆಂದು ಕುಸ್ತಿಯವರನ್ನು ಕೇಳಿ. ಒಬ್ಬನನ್ನು ಕಾಯಿಯಾಗಿದ್ದಾಗ ಕಿತ್ತರು, ಇನ್ನೊಬ್ಬನನ್ನು ತೊಟ್ಟು ಕಳಚುವ ಹೊತ್ತಿಗೆ. ಮೇವೆದರನ ಕೈಚಳಕವನ್ನು ನಾನು ಅಲ್ಲಗಳೆಯುವುದಿಲ್ಲ. ಅವನಂತೆ ಏಟು ತಪ್ಪಿಸಿಕೊಳ್ಳುವವರು ವಿರಳ. ಆದರೆ ಅವನ ಐವತ್ತನೆಯ ಗೆಲುವನ್ನು ಮಾತ್ರ ನನ್ನ ಲೆಕ್ಕದಿಂದ ತೆಗೆದುಬಿಟ್ಟಿದ್ದೇನೆ. 2017ರ ಆ ಎದುರಾಳಿ, ಮಿಶ್ರ ಸಮರಕಲೆಯಿಂದ ಬಂದ ಕಾನರ್ ಮೆಕ್‌ಗ್ರೆಗರ್‌ಗೆ ಅದು ವೃತ್ತಿಪರ ಬಾಕ್ಸಿಂಗ್‌ನ ಮೊತ್ತಮೊದಲ ಹೋರಾಟ.

ಹಾಗಾದರೆ ನಿಯಮಗಳಿಲ್ಲವೇ? ಇವೆ. ಪಟ್ಟ ಕೊಡುವ ಸಂಸ್ಥೆಗಳೇ ನಾಲ್ಕಿವೆ. ಪ್ರತಿಯೊಂದಕ್ಕೂ ತನ್ನದೇ ಶ್ರೇಯಾಂಕ ಪಟ್ಟಿ, ತನ್ನದೇ ಶುಲ್ಕ. ಪಟ್ಟಿಯ ಮೇಲ್ತುದಿಯಲ್ಲಿರುವವನು ಕಡ್ಡಾಯ ಎದುರಾಳಿ; ಗಡುವಿನೊಳಗೆ ಅವನೊಂದಿಗೆ ಹೋರಾಡದಿದ್ದರೆ ಪಟ್ಟ ಹೋಗುತ್ತದೆ. ಇದಕ್ಕೂ ದಾರಿಗಳುಂಟು. ಆ ಕಡ್ಡಾಯದವನ ಕೈಗೆ ಒಂದಿಷ್ಟು ಹಣವಿಟ್ಟು ಸದ್ಯಕ್ಕೆ ಪಕ್ಕಕ್ಕೆ ನಿಲ್ಲಪ್ಪ ಎನ್ನಬಹುದು. ಅದೂ ಆಗದಿದ್ದರೆ ಪಟ್ಟವನ್ನೇ ಬಿಟ್ಟುಕೊಡಬಹುದು. 1992ರ ಡಿಸೆಂಬರ್‌ನಲ್ಲಿ ಹೆವಿವೇಟ್, ಅಂದರೆ ಅತಿ ಭಾರದ ವರ್ಗದ, ಚಾಂಪಿಯನ್ ರಿಡಿಕ್ ಬೋ ಲಂಡನ್‌ನಲ್ಲಿ ಪತ್ರಕರ್ತರ ಎದುರಿಗೇ ತನ್ನ ಬೆಲ್ಟನ್ನು ಕಸದ ಬುಟ್ಟಿಗೆ ಹಾಕಿದ. ಅವನು ಎದುರಿಸಬೇಕಿದ್ದವನು ಲೆನಾಕ್ಸ್ ಲೂಯಿಸ್, 1988ರ ಸೋಲ್ ಒಲಿಂಪಿಕ್ಸ್ ಫೈನಲ್‌ನಲ್ಲಿ ಇದೇ ಬೋನನ್ನು ಸೋಲಿಸಿದವನು. ವೃತ್ತಿಪರ ರಿಂಗ್‌ನಲ್ಲಿ ಅವರಿಬ್ಬರು ಎದುರಾಗಲೇ ಇಲ್ಲ.

ಆದರೆ ದುರ್ಬಲ ಎದುರಾಳಿಗಳು ಎಂದೊಡನೆ ಮೂಗು ಮುರಿಯುವುದೂ ಸರಿಯಲ್ಲ. ಹಿಂದಿನ ಕಾಲದ ಹೆವಿವೇಟ್ ಚಾಂಪಿಯನ್ ಜೋ ಲೂಯಿಸ್‌ನನ್ನು ನೋಡಿ. 1940ರ ಡಿಸೆಂಬರ್‌ನಿಂದ 1941ರ ಜೂನ್‌ವರೆಗೆ ತಿಂಗಳಿಗೊಂದರಂತೆ ಏಳು ಬಾರಿ ಪಟ್ಟವನ್ನು ಪಣಕ್ಕಿಟ್ಟ. ಅಮೆರಿಕದ ಪತ್ರಿಕೆಗಳು ನಕ್ಕವು. ಅವರ ಮಾತನ್ನು ನಮ್ಮ ಬಾಯಲ್ಲಿ ಹೇಳುವುದಾದರೆ, ತಿಂಗಳಿಗೊಬ್ಬ ದಂಡಪಿಂಡ! ಆ ದಂಡಪಿಂಡಗಳಲ್ಲಿ ಒಬ್ಬ, ಬಡ್ಡಿ ಬೇರ್, ಮೊದಲ ಸುತ್ತಿನಲ್ಲೇ ಲೂಯಿಸ್‌ನನ್ನು ಹಗ್ಗದಾಚೆಗೆ ಹೊಡೆದು ಕೆಡವಿದ. ಏಳನೆಯವನು ಬಿಲ್ಲಿ ಕಾನ್. ಲೈಟ್ ಹೆವಿವೇಟ್‌ನಿಂದ ಮೇಲೇರಿ ಬಂದವನು, ತೂಕದಲ್ಲಿ ಲೂಯಿಸ್‌ಗಿಂತ 25 ಪೌಂಡ್ ಕಡಿಮೆ. 1941ರ ಜೂನ್ 18, ನ್ಯೂಯಾರ್ಕಿನ ಪೋಲೊ ಗ್ರೌಂಡ್ಸ್. ಹನ್ನೆರಡು ಸುತ್ತು ಮುಗಿದಾಗ ಮೂವರಲ್ಲಿ ಇಬ್ಬರು ತೀರ್ಪುಗಾರರ ಲೆಕ್ಕದಲ್ಲಿ ಕಾನ್ ಮುಂದಿದ್ದ, ಮೂರನೆಯವರಲ್ಲಿ ಸಮ. ಉಳಿದದ್ದು ಮೂರು ಸುತ್ತು. ದೂರದಿಂದಲೇ ಆಡು, ಗೆದ್ದಾಗಿದೆ ಎಂದು ಅವನ ಕಡೆಯವರು ಹೇಳಿದರು. ಹುಡುಗನ ರಕ್ತ ಬಿಸಿ. ಲೂಯಿಸ್‌ನನ್ನು ನಾಕೌಟ್ ಮಾಡಿಯೇ ತೀರುತ್ತೇನೆ ಎಂದು ಮೈಮೇಲೆ ಹೋದ. ಹದಿಮೂರನೆಯ ಸುತ್ತಿಗೆ ಎರಡು ಸೆಕೆಂಡ್ ಬಾಕಿಯಿರುವಾಗ, ಎಣಿಕೆ ಹತ್ತು ತಲುಪಿದಾಗ, ನೆಲದ ಮೇಲಿದ್ದವನು ಕಾನ್.

ಇದು ಲೂಯಿಸ್‌ಗೆ ಸಲ್ಲಬೇಕಾದ ಕೀರ್ತಿ. ಪಟ್ಟವನ್ನು ಬೀರುವಿನಲ್ಲಿಟ್ಟು ಬೀಗ ಹಾಕದೆ ಇಪ್ಪತ್ತೈದು ಬಾರಿ ಬೀದಿಗೆ ತಂದಿಟ್ಟ. ಅಷ್ಟು ಬಾರಿ ಇಟ್ಟವನಿಗೆ ಎಲ್ಲರೂ ಬಲಾಢ್ಯರೇ ಸಿಗುತ್ತಾರೆಯೇ?

ಇಂಥದೇ ಆಕ್ಷೇಪ ರಾಕಿ ಮಾರ್ಸಿಯಾನೊ ಮೇಲೂ ಇದೆ. 49 ಹೋರಾಟ, 49 ಗೆಲುವು, 43 ನಾಕೌಟ್. ಮುದುಕರನ್ನು ಹೊಡೆದ ಎನ್ನುತ್ತಾರೆ. ನಿಜ, ಅವನು 1951ರಲ್ಲಿ ಕೆಡವಿದ ಜೋ ಲೂಯಿಸ್‌ಗೆ 37 ವರ್ಷ. 1952ರಲ್ಲಿ ಪಟ್ಟ ಕಿತ್ತುಕೊಂಡಾಗ ಜರ್ಸಿ ಜೋ ವಾಲ್ಕಾಟ್‌ಗೆ 38. ಕೊನೆಯ ಎದುರಾಳಿ ಆರ್ಚಿ ಮೂರ್‌ನ ವಯಸ್ಸು ಎಷ್ಟೆಂಬುದಕ್ಕೆ ಅವನೂ ಅವನ ತಾಯಿಯೂ ಬೇರೆ ಬೇರೆ ಇಸವಿ ಹೇಳುತ್ತಿದ್ದರು! ಆದರೆ ಆ ಹೊತ್ತಿಗೆ ಅವರಿಗಿಂತ ಮೇಲಿನವರು ಯಾರಿದ್ದರು? ವಾಲ್ಕಾಟ್ ಮೊದಲ ಸುತ್ತಿನಲ್ಲೇ ಅವನನ್ನು ನೆಲಕ್ಕೆ ಕೆಡವಿದ್ದ, ಹನ್ನೆರಡು ಸುತ್ತಿನ ತನಕ ಮುಂದಿದ್ದ. ಎಜರ್ಡ್ ಚಾರ್ಲ್ಸ್ ಅವನ ಮೂಗಿನ ಹೊಳ್ಳೆಯನ್ನೇ ಸೀಳಿದ್ದ. ಎದುರು ಇದ್ದವರನ್ನೆಲ್ಲ ಎದುರಿಸಿದ ಮಾರ್ಸಿಯಾನೊನ ಸೊನ್ನೆಗೆ ನಾನು ಪೂರ್ತಿ ಅಂಕ ಕೊಡುತ್ತೇನೆ. ತನ್ನ ಕಾಲವನ್ನು ಅವನು ಆರಿಸಿಕೊಂಡದ್ದಲ್ಲ.

ಸೊನ್ನೆಯ ಗೊಡವೆಯೇ ಇಲ್ಲದವರೂ ಇದ್ದರು. ಶುಗರ್ ರೇ ರಾಬಿನ್ಸನ್‌ಗೆ ಮೊದಲ ಸೋಲು ಉಣಿಸಿದವನು ಜೇಕ್ ಲಮೋಟ, 1943ರ ಫೆಬ್ರವರಿ 5ರಂದು. ಫೆಬ್ರವರಿ 26ರಂದು, ಅಂದರೆ ಮೂರೇ ವಾರಕ್ಕೆ, ರಾಬಿನ್ಸನ್ ಮತ್ತೆ ಅವನೊಂದಿಗೇ ರಿಂಗಿಗಿಳಿದು ಗೆದ್ದ. ಒಟ್ಟು ಆರು ಬಾರಿ ಸೆಣಸಿದರು. ಇಂದಿನ ಯಾವ ಮ್ಯಾನೇಜರ್ ಇದಕ್ಕೆ ಒಪ್ಪುತ್ತಾನೆ?

ಇನ್ನು, ಜೋಡಿ ಕಟ್ಟುವಾಗ ಹೊರಗೇ ಉಳಿದವನ ಕಥೆ. ಸ್ಯಾಮ್ ಲ್ಯಾಂಗ್‌ಫರ್ಡ್, ಕೆನಡಾದ ನೋವಾ ಸ್ಕೋಷಿಯಾದವನು, ಕಪ್ಪು ಜನಾಂಗದವನು, ಕುಳ್ಳ. 1906ರಲ್ಲಿ ತನಗಿಂತ ತುಂಬ ಭಾರವಿದ್ದ ಜ್ಯಾಕ್ ಜಾನ್ಸನ್ ಜೊತೆ ಹದಿನೈದು ಸುತ್ತು ಹೋರಾಡಿ ಸೋತ. ಆ ಜಾನ್ಸನ್ ಪಟ್ಟಕ್ಕಾಗಿ ಚಾಂಪಿಯನ್ ಟಾಮಿ ಬರ್ನ್ಸ್‌ನ ಬೆನ್ನು ಹತ್ತಿ ಇಂಗ್ಲೆಂಡಿಗೆ, ಅಲ್ಲಿಂದ ಆಸ್ಟ್ರೇಲಿಯಕ್ಕೆ ಹೋದವನು. ಕರಿಯನೆಂಬ ಕಾರಣಕ್ಕೆ ಬಾಗಿಲಲ್ಲಿ ಕಾದು ಕಾದು 1908ರಲ್ಲಿ ಸಿಡ್ನಿಯಲ್ಲಿ ಗೆದ್ದು ಹೆವಿವೇಟ್‌ನ ಮೊದಲ ಕಪ್ಪು ಚಾಂಪಿಯನ್ ಆದವನು. ಒಳಗೆ ಹೋದ ಮೇಲೆ ಅವನೇ ಅಗುಳಿ ಹಾಕಿಕೊಂಡ. ಲ್ಯಾಂಗ್‌ಫರ್ಡ್‌ಗೆ ಅವನು ಮತ್ತೊಂದು ಅವಕಾಶ ಕೊಡಲೇ ಇಲ್ಲ. ಇಬ್ಬರು ಕರಿಯರ ಹೋರಾಟಕ್ಕೆ ಗಲ್ಲಾ ತುಂಬುವುದಿಲ್ಲ, ಬಿಳಿಯನೊಬ್ಬ ಎದುರಿದ್ದರೆ ತುಂಬುತ್ತದೆ ಎಂಬುದು ಆ ಕಾಲದ ಲೆಕ್ಕ. ಜಾನ್ಸನ್ ಅನುಭವಿಸಿದ್ದನ್ನು ನೆನೆದರೆ ಮರುಕವಾಗುತ್ತದೆ, ಆಮೇಲೆ ಮಾಡಿದ್ದನ್ನು ನೆನೆದರೆ ಸಿಟ್ಟು ಬರುತ್ತದೆ. ಎರಡೂ ನನ್ನಲ್ಲಿ ಹಾಗೆಯೇ ಉಳಿದಿವೆ.

ಮುಂದೆ ಚಾಂಪಿಯನ್ ಜ್ಯಾಕ್ ಡೆಂಪ್ಸಿಯ ಕಾಲದಲ್ಲಿ ಹ್ಯಾರಿ ವಿಲ್ಸ್‌ನದೂ ಇದೇ ಪಾಡು. ಪಟ್ಟದ ಬಾಗಿಲು ತೆರೆಯದ ಈ ಕಪ್ಪು ಬಾಕ್ಸರುಗಳು ಹೊಟ್ಟೆಪಾಡಿಗೆ ತಮ್ಮತಮ್ಮಲ್ಲೇ ಹೊಡೆದಾಡಿದರು. ಲ್ಯಾಂಗ್‌ಫರ್ಡ್ ಮತ್ತು ವಿಲ್ಸ್ ಎದುರಾದದ್ದು ಹದಿನೈದಕ್ಕೂ ಹೆಚ್ಚು ಬಾರಿ. ಅದರಿಂದಲೇ ಲ್ಯಾಂಗ್‌ಫರ್ಡ್‌ನ ಸೋಲಿನ ಪಟ್ಟಿ ಉದ್ದವಾಗಿದೆ. ಯಾರೂ ಎದುರಿಸಲು ಬಯಸದವರನ್ನೇ ಅವನು ಮತ್ತೆ ಮತ್ತೆ ಎದುರಿಸಿದ್ದ. ದೃಷ್ಟಿ ಮಂಕಾದ ಮೇಲೂ ರಿಂಗಿಗಿಳಿದ. 1944ರಲ್ಲಿ ಪತ್ರಕರ್ತ ಆಲ್ ಲೇನಿ ಹುಡುಕಿಕೊಂಡು ಹೋದಾಗ ನ್ಯೂಯಾರ್ಕಿನ ಹಾರ್ಲೆಮ್‌ನ ಒಂದು ಕೋಣೆಯಲ್ಲಿ ಕುರುಡನಾಗಿ, ಕೈಯಲ್ಲಿ ಕಾಸಿಲ್ಲದೆ ಕುಳಿತಿದ್ದ. ಲೇನಿಯ ಬರಹ ಓದಿದ ಜನ ಹಣ ಕೂಡಿಸಿ ಕೊಟ್ಟರು.

ಲ್ಯಾಂಗ್‌ಫರ್ಡ್ ತೀರಿಕೊಂಡದ್ದು 1956ರ ಜನವರಿ 12ರಂದು, ಮ್ಯಾಸಚೂಸೆಟ್ಸ್ ರಾಜ್ಯದ ಕೇಂಬ್ರಿಜ್ ಊರಿನಲ್ಲಿ. ಅದೇ ವರ್ಷದ ಏಪ್ರಿಲ್‌ನಲ್ಲಿ, ಅದೇ ರಾಜ್ಯದ ಬ್ರಾಕ್ಟನ್ ಊರಿನ ರಾಕಿ ಮಾರ್ಸಿಯಾನೊ, ಸೋಲನ್ನೇ ಕಾಣದ ಹೆವಿವೇಟ್ ಚಾಂಪಿಯನ್, ನಿವೃತ್ತಿ ಘೋಷಿಸಿದ. ಮಾರನೆಯ ದಿನದ ಪತ್ರಿಕೆಗಳ ತುಂಬ ಆ ನಲವತ್ತೊಂಬತ್ತೇ.

ನಮಸ್ಕಾರ.