ಗುಡ್ಡ ಹತ್ತುವ ಮೊದಲು ಹೊಲ ನೋಡಿ

ನಮಸ್ಕಾರ. ಇವತ್ತು ಹ್ಯಾಂಗ್ ಗ್ಲೈಡಿಂಗ್, ಅಂದ್ರೆ ಬಟ್ಟೆಯ ದೊಡ್ಡ ರೆಕ್ಕೆಗೆ ನೇತುಬಿದ್ದು ಗುಡ್ಡದಿಂದ ಹಾರುವ ಆಟದ ಬಗ್ಗೆ ಮಾತಾಡೋಣ. ಹಾರೋದರ ಬಗ್ಗೆ ಅಲ್ಲ, ಇಳಿಯುವ ಹೊಲದ ಬಗ್ಗೆ.

ಬೆಂಗಳೂರಿನಲ್ಲಿ ಈ ಹುಚ್ಚು ಹಿಡಿದವರು ಕಡಿಮೆ. ಮೂವತ್ತು ಕೆಜಿ ಹತ್ತಿರ ತೂಗುವ ರೆಕ್ಕೆಯನ್ನು ಕಾರಿನ ಮೇಲೆ ಕಟ್ಟಿಕೊಂಡು, ಕತ್ತಲಿರುವಾಗಲೇ ಹೆಬ್ಬಾಳ ದಾಟಿ ಗುಡ್ಡದ ಕಡೆ ಹೊರಡುವವರು ಎಷ್ಟು ಜನ ಸಿಕ್ತಾರೆ ಹೇಳಿ? ಆ ಜನರ ಮೇಲೆ ನನಗೆ ತುಂಬ ಪ್ರೀತಿ. ಅದಕ್ಕೇ ಹೇಳ್ತಿದ್ದೇನೆ. ನಮ್ಮ ಗಮನವೆಲ್ಲ ಟೇಕಾಫ್ ಮೇಲಿದೆ. ಫೋಟೋ ಅಲ್ಲೇ, ವಿಡಿಯೋ ಅಲ್ಲೇ. ಆದರೆ ಹಾರುವ ಜಾಗ ಉಳಿಯೋದು, ಹೋಗೋದು ಎರಡೂ ಕೆಳಗಿನ ಹೊಲದಲ್ಲಿ.

ಯಾಕೆ ಅಂತೀರಾ? ಹ್ಯಾಂಗ್ ಗ್ಲೈಡರ್‌ಗೆ ಇಂಜಿನ್ ಇಲ್ಲ. ತೀರಾ ಕೆಳಗೆ ಬಂದ ಮೇಲೆ 'ಇಲ್ಲಿ ಬೇಡ' ಅಂತ ಮತ್ತೆ ಮೇಲೇರಲು ಆಗಲ್ಲ. ಪ್ಯಾರಾಚೂಟಿನಂತೆ ಉಬ್ಬುವ ಪ್ಯಾರಾಗ್ಲೈಡರ್‌ಗಿಂತ ಇದಕ್ಕೆ ವೇಗ ಜಾಸ್ತಿ, ಹಾಗಾಗಿ ಉದ್ದನೆಯ ಜಾಗ ಬೇಕು. ಕೊನೆಯ ಗಳಿಗೆಯಲ್ಲಿ ರೆಕ್ಕೆಯ ಮೂಗು ಮೇಲೆತ್ತಿ ಕಾಲೂರಬೇಕು. ಆಗ ಬದು ಅಡ್ಡ ಬಂತು ಅಂದ್ರೆ ಕೈಯಲ್ಲಿ ಹಿಡಿದ ಪೈಪು ಮುರಿಯುತ್ತದೆ, ಕೆಲವು ಸಲ ತೋಳೂ ಮುರಿಯುತ್ತದೆ.

ನಮ್ಮ ಕಡೆ ರಾಗಿ ಕೊಯ್ಲು ನವೆಂಬರ್, ಡಿಸೆಂಬರ್‌ಗೆ. ಅಲ್ಲಿಯವರೆಗೆ ಹೊಲದ ಕಡೆ ತಲೆ ಹಾಕಬಾರದು. ಕೊಯ್ದ ಮೇಲೆ ಕೂಳೆ ಮಾತ್ರ ಉಳಿದಿರುತ್ತೆ ಅಂದುಕೊಳ್ಳುತ್ತೇವೆ. ಆದರೆ ರಾಗಿ ನಡುವೆ ಅಕ್ಕಡಿ ಸಾಲಿನಲ್ಲಿ ಅವರೆ ಹಾಕಿರುತ್ತಾರೆ. ಮೇಲಿಂದ ನೋಡಿದರೆ ಹೊಲ ಖಾಲಿ. ಹತ್ತಿರ ಹೋದರೆ ಬಳ್ಳಿ ತುಂಬ ಹೂವು, ಅಲ್ಲಲ್ಲಿ ಎಳೇ ಕಾಯಿ. ಒಂದು ರೆಕ್ಕೆ ಆ ಸಾಲಿನ ಮೇಲೆ ಎಳೆದುಕೊಂಡು ಹೋದರೆ ಆ ಮನೆಯ ಅವರೆಕಾಳಿನ ದುಡ್ಡು ಹೋಯ್ತು. ಆಮೇಲೆ ಊರವರು ರಸ್ತೆಗೆ ಮುಳ್ಳು ಹಾಕಿದರೆ ಯಾಕೆ ಹಾಕಿದ್ರಿ ಅಂತ ಕೇಳೋ ಮುಖ ನಮಗಿರುತ್ತಾ?

2008ರಲ್ಲಿ ದೇವನಹಳ್ಳಿಗೆ ವಿಮಾನ ನಿಲ್ದಾಣ ಬಂತು. ಅಲ್ಲಿಂದ ನಂದಿ ಬೆಟ್ಟದ ಸುತ್ತ ಆಕಾಶಕ್ಕೆ ನಿಯಮ ಜಾಸ್ತಿ, ನೆಲಕ್ಕೆ ಬೆಲೆ ಜಾಸ್ತಿ. ರಾಗಿ ಹೊಲ ಇದ್ದ ಕಡೆ ಸೈಟಿನ ಕಲ್ಲು ಎದ್ದಿವೆ, ದ್ರಾಕ್ಷಿ ಚಪ್ಪರದ ತಂತಿ ಬಂದಿದೆ, ಗುಲಾಬಿ ಬೆಳೆಯುವ ಪಾಲಿಹೌಸ್ ಬಂದಿದೆ. ಇವು ಯಾವುದರ ಮೇಲೂ ಇಳಿಯೋಕಾಗಲ್ಲ. ಹೀಗಿರುವಾಗ ಉಳಿದ ಒಂದೊಂದು ಬಯಲು ಹೊಲವೂ ನಮಗೆ ಚಿನ್ನ.

ಜಕ್ಕೂರಿನ ಸಣ್ಣ ವಿಮಾನಗಳ ರನ್‌ವೇ ನೋಡಿಕೊಳ್ಳಲು ಸರ್ಕಾರ ಇದೆ. ಗುಡ್ಡದ ಬುಡದ ಹೊಲಕ್ಕೆ ನಾವೇ ದಿಕ್ಕು. ಇಂಜಿನ್ ಇಲ್ಲದ ರೆಕ್ಕೆ ಕಟ್ಟಿ ಹಾರಿದ ಜರ್ಮನಿಯ ಓಟೋ ಲಿಲಿಯೆಂಥಾಲ್ 1894ರಲ್ಲಿ ಬರ್ಲಿನ್ ಹತ್ತಿರ ಹಾರೋದಕ್ಕೆ ಅಂತಲೇ 15 ಮೀಟರ್ ಎತ್ತರದ ಗುಡ್ಡ ಕಟ್ಟಿಸಿದ. ಯಾವ ದಿಕ್ಕಿನಿಂದ ಗಾಳಿ ಬೀಸಿದರೂ ಅದಕ್ಕೆ ಎದುರಾಗಿ ಓಡಬಹುದಿತ್ತು. ನಮಗೆ ಗುಡ್ಡ ಕಟ್ಟುವ ಕಷ್ಟವಿಲ್ಲ, ದೇವರು ಕೊಟ್ಟಿದ್ದಾನೆ. ಹೊಲದ ಯಜಮಾನರ ಹತ್ತಿರ ಹೋಗಿ ಮಾತಾಡೋದಷ್ಟೇ ಬಾಕಿ.

ನನ್ನ ಅಭಿಪ್ರಾಯ ನೇರ. ಹಾರುವವರ ಗುಂಪಿನ ದುಡ್ಡಿನಲ್ಲಿ ಮೊದಲ ಪಾಲು ಹೊಲದವರಿಗೆ ಹೋಗಬೇಕು. ಏರುತ್ತಿದ್ದೇವಾ ಇಳಿಯುತ್ತಿದ್ದೇವಾ ಅಂತ ತೋರಿಸುವ ಹೊಸ ವೇರಿಯೋಮೀಟರ್ ಆಮೇಲೆ ತಗೊಳ್ಳಬಹುದು. ವರ್ಷಕ್ಕೆ ಇಷ್ಟು ಅಂತ ಮಾತಾಡಿ, ಸುಗ್ಗಿ ಮುಗಿದ ತಕ್ಷಣ ಕೈಗೆ ಕೊಡಿ. ಬೆಳೆ ಹಾಳಾದರೆ ಅದಕ್ಕೆ ಬೇರೆ ಕೊಡಿ, ಚೌಕಾಸಿ ಮಾಡಬೇಡಿ. ಹೊಸಬರು ಹಾರುವ ಮೊದಲು ಆ ಹೊಲವನ್ನು ಕಾಲ್ನಡಿಗೆಯಲ್ಲಿ ಸುತ್ತಲಿ. ಬದು ಎಲ್ಲಿದೆ, ಕರೆಂಟ್ ತಂತಿ ಎಲ್ಲಿ ಹಾದುಹೋಗಿದೆ, ಬಾವಿ ಎಲ್ಲಿದೆ ನೋಡಲಿ. ಮನೆಯವರಿಗೆ ತಮ್ಮ ಹೆಸರು ಹೇಳಿ ಬರಲಿ.

ಹ್ಯಾಂಗ್ ಚೆಕ್, ಅಂದ್ರೆ ರೆಕ್ಕೆಗೆ ಸರಿಯಾಗಿ ಸಿಕ್ಕಿಸಿಕೊಂಡಿದ್ದೇವಾ ಅಂತ ನೇತಾಡಿ ನೋಡೋದು, ಮಾಡದೆ ಓಡಲು ನಿಂತವರನ್ನು ನಾವು ಟೇಕಾಫ್‌ನಲ್ಲೇ ಹಿಡಿದು ನಿಲ್ಲಿಸುತ್ತೇವೆ, ಅಲ್ವಾ? ಕೊಕ್ಕೆ ಸಿಕ್ಕಿಸದೆ ಓಡಿ ಸತ್ತವರಿದ್ದಾರೆ, ಅದಕ್ಕೇ ಆ ಕಟ್ಟುನಿಟ್ಟು. ಹೊಲದವರನ್ನು ಕೇಳದೆ ಬಂದವರನ್ನೂ ಅಲ್ಲೇ ನಿಲ್ಲಿಸಬೇಕು. ಎಷ್ಟೇ ಹಳಬರಾದರೂ ಸರಿ, ಎಷ್ಟೇ ಚೆನ್ನಾಗಿ ಹಾರಿದರೂ ಸರಿ.

ಇನ್ನೊಂದು ಮಾತು. ಗಾಳಿ ಸರಿಯಿಲ್ಲದ ಭಾನುವಾರ ಸುಮ್ನೆ ಬೆಂಗಳೂರಿಗೆ ವಾಪಸ್ ಓಡಬೇಡಿ. ಗಾಳಿಯ ದಿಕ್ಕು ತೋರಿಸುವ ಗಾಳಿಚೀಲ ಹರಿದಿದ್ದರೆ ಬದಲಿಸಿ. ನೀರಿನ ಬಾಟಲಿ, ಚಿಪ್ಸ್ ಪ್ಯಾಕೆಟ್ ಯಾರೇ ಎಸೆದಿರಲಿ, ಆರಿಸಿ. ಇಳಿಜಾರಿನಲ್ಲಿ ಲಾಂಟಾನ ಬೆಳೆದಿದ್ದರೆ, ಅದು ಅರಣ್ಯ ಇಲಾಖೆಯ ಜಾಗವೋ ಗೋಮಾಳವೋ ಕೇಳಿಕೊಂಡು, ಒಪ್ಪಿಗೆ ತಗೊಂಡು ಕಡಿಯಿರಿ. ಮಚ್ಚು, ಕೈಗವಸು ನೀವೇ ತನ್ನಿ. ಊರಿನವರ ಮನೆಯಲ್ಲಿ ಕೇಳಬೇಡಿ, ಅವರಿಗೂ ಅವತ್ತು ಕೆಲಸ ಇರುತ್ತೆ.