ಏಳು ಕೈಯ ಒಂದು ಕೌದಿ

ಕೇಳುಗರಿಗೆಲ್ಲ ನಮಸ್ಕಾರ. ಕೌದಿ, ಅಂದರೆ ಹಳೆ ಬಟ್ಟೆ ಪದರ ಪದರ ಜೋಡಿಸಿ ಹೊಲಿದ ಹೊದಿಕೆ, ಅದರ ಬಗ್ಗೆ ಮಾತಾಡಿ ಅಂತ ರೇಡಿಯೋದವರು ಅಂದಾಗ ನನಗೆ ಮೊದಲು ನಗು ಬಂತು. ಹೊಲಿಗೆಯಲ್ಲಿ ನಾನೇನು ಜಾಣೆಯಲ್ಲ. ನಮ್ಮ ಓಣಿಯ ಅಜ್ಜಿ ಒಮ್ಮೆ ನನ್ನ ಹೊಲಿಗೆ ನೋಡಿ, "ಇದೇನ ತಂಗಿ, ಇರುವಿ ಸಾಲ ಹಾದಿ ತಪ್ಪಿದಂಗ ಐತಿ" ಎಂದಿದ್ದರು. ಆದರೂ ಏಳು ಜನ ಸೇರಿ ಹೊಲಿದ ಒಂದು ಕೌದಿಯಲ್ಲಿ ನನ್ನ ಪಾಲೂ ಇದೆ. ಅದರ ಕತೆ ಹೇಳುತ್ತೇನೆ.

ನಾವು ಏಳೂ ಜನ ಹಳೇ ಬಾಗಲಕೋಟೆಯ ಒಂದೇ ಓಣಿಯವರು. ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಘಟಪ್ರಭೆಯ ಗುಂಟ ಏರಿ ಬಂದದ್ದು, ತಗ್ಗಿನ ಮನೆಗಳೆಲ್ಲ ಹೋದದ್ದು, ಜನ ನವನಗರಕ್ಕೆ ಗಂಟುಮೂಟೆ ಕಟ್ಟಿದ್ದು ನಿಮಗೆ ಗೊತ್ತೇ ಇದೆ. ಈಗಲೂ ಮಳೆಗಾಲದಲ್ಲಿ ಇದೇ ರೇಡಿಯೋದಲ್ಲಿ ಆಲಮಟ್ಟಿಯ ನೀರು 519.60 ಮೀಟರ್ ಮುಟ್ಟಿತು, ಜಲಾಶಯ ತುಂಬಿತು ಅಂತ ಓದಿದರೆ ನಮ್ಮಲ್ಲಿ ಕೆಲವರು ರೊಟ್ಟಿ ತಟ್ಟುವುದನ್ನೂ ನಿಲ್ಲಿಸಿ ಕೇಳುತ್ತಾರೆ. ಹಳೇ ಓಣಿಯಲ್ಲಿ ಒಬ್ಬರ ಮನೆಯ ಒಗ್ಗರಣೆಗೆ ಎದುರುಮನೆಯವರು ಸೀನುತ್ತಿದ್ದರು. ನವನಗರದಲ್ಲಿ ಒಬ್ಬೊಬ್ಬರಿಗೆ ಒಂದೊಂದು ಸೆಕ್ಟರ್. ರಸ್ತೆ ಅಗಲವಾಗಿವೆ, ಚೆನ್ನಾಗಿವೆ, ಇಲ್ಲ ಅನ್ನುವುದಿಲ್ಲ. ಆದರೆ ಮನೆ ಮುಂದೆ ಕಟ್ಟೆ ಇಲ್ಲ. ಕಟ್ಟೆ ಇಲ್ಲ ಅಂದಮೇಲೆ ಮಧ್ಯಾಹ್ನ ಕೂಡುವುದೆಲ್ಲಿ, ಕೌದಿ ಹೊಲಿಯುವುದೆಲ್ಲಿ?

ನಮ್ಮ ಕಡೆ ಇದು ಬೇಸಿಗೆಯ ಕೆಲಸ. ಸುಗ್ಗಿ ಮುಗಿದಿರಬೇಕು, ಮಳೆ ಹಿಡಿದಿರಬಾರದು. ಕೆಲವು ಮನೆಗಳಿಗೆ ಗೊಂದಲಿಗರ ಸಮುದಾಯದ ಹೆಣ್ಣುಮಕ್ಕಳು ಬಂದು ಹೊಲಿದುಕೊಡುತ್ತಿದ್ದರು. ಅವರ ಹೊಲಿಗೆ ನೋಡಬೇಕು ನೀವು, ಗೆರೆ ಎಳೆದಂತೆ. ಕಾಳು, ಹಳೆ ಬಟ್ಟೆ, ಮೇಲೊಂದಿಷ್ಟು ದುಡ್ಡು ಕೊಟ್ಟು ಕಳಿಸುತ್ತಿದ್ದರು. ಉಳಿದ ಮನೆಗಳಲ್ಲಿ ಓಣಿಯವರೇ ಸೇರಿ ಹೊಲಿಯುವುದು.

ಈ ಏಳು ಕೈಯ ಕೌದಿ ಹುಟ್ಟಿದ್ದು ಒಂದು ಕುಬಸದ, ಅಂದರೆ ಸೀಮಂತದ, ಊಟದಲ್ಲಿ. ನಮ್ಮ ವೈನಿಯ ಮಗಳ ಕುಬಸ. ಆಕೆಗೆ ಯಾರೋ ಅಂಗಡಿಯ ಬ್ಲಾಂಕೆಟ್ ಉಡುಗೊರೆ ಕೊಟ್ಟಿದ್ದರು. ಬಿಚ್ಚಿ ನೋಡಿದರೆ ಮೈಗೆ ತಾಗಿದಲ್ಲೆಲ್ಲ ಚಟಚಟ ಅನ್ನುತ್ತಿತ್ತು. "ಕೂಸಿನ ಮೈಮ್ಯಾಲ ಕರೆಂಟ್ ಬಿಡ್ತಿರೇನು?" ಎಂದರು ಅಜ್ಜಿ. ಅಲ್ಲೇ ತೀರ್ಮಾನವಾಯಿತು. ಏಳು ಮನೆಯವರೂ ಹಳೇ ಊರಿನಿಂದ ತಂದ ಟ್ರಂಕು ತೆಗೆದು ಒಂದೊಂದು ಬಟ್ಟೆ ತರಬೇಕು, ಅರಿವೆ ಹತ್ತಿಯದೇ ಇರಬೇಕು.

ಜಗಳ ಅಲ್ಲಿಂದಲೇ ಶುರು. ಒಬ್ಬರು ಮಿರಮಿರ ಮಿಂಚುವ ಪಾಲಿಸ್ಟರ್ ಸೀರೆ ತಂದರು. ಅವರ ಮದುವೆಯ ಸೀರೆ ಅದು, ಪ್ರೀತಿಯಿಂದಲೇ ತಂದಿದ್ದರು. ಆದರೆ ಪಾಲಿಸ್ಟರ್ ಕೌದಿಯೊಳಗೆ ನಿಲ್ಲುವುದಿಲ್ಲ, ಹತ್ತಿಯ ಪದರದ ಮೇಲೆ ಜಾರುತ್ತದೆ, ಕತ್ತರಿಸಿದ ಅಂಚು ಎಳೆ ಬಿಡುತ್ತದೆ, ಬೆವರು ಹೀರುವುದಿಲ್ಲ. ಹತ್ತಿಯ ಹಳೆ ಸೀರೆ ನೂರಾರು ಸಲ ಒಗೆಸಿಕೊಂಡು ಮೆತ್ತಗಾಗಿರುತ್ತದೆ, ಸೂಜಿ ಸಲೀಸಾಗಿ ಇಳಿಯುತ್ತದೆ. ಇದನ್ನೆಲ್ಲ ಹೇಳಿದೆವು. ಸಮಾಧಾನವಾಗಿ ಹೇಳಬೇಕಿತ್ತು, ಹೇಳಲಿಲ್ಲ. ಅವರು ಸಿಟ್ಟಾಗಿ ಎರಡು ದಿನ ಬರಲಿಲ್ಲ. ಮೂರನೇ ದಿನ ಗಂಡನ ಧೋತರ ತಂದು ನಮ್ಮ ಮುಂದೆ ಎಸೆದು, "ತಗೋರಿ ನಿಮ್ಮ ಹತ್ತಿ" ಎಂದರು. ಕೌದಿಯ ಹೊಟ್ಟೆಯಲ್ಲಿ ಎಲ್ಲಕ್ಕಿಂತ ಮೆತ್ತಗಿರುವ ಪದರ ಅದೇ.

ಇನ್ನೊಂದು ಜಗಳ ಇದಕ್ಕಿಂತ ದೊಡ್ಡದು. ಕಾಕು ಒಬ್ಬರು ತೀರಿಹೋದ ಅತ್ತೆಯ ಇಳಕಲ್ ಸೀರೆ ತಂದಿದ್ದರು. ಚಿಕ್ಕಿ ಪರಾಸ್ ಅನ್ನುವ ದಡಿಯ ಅಂಚು, ಕೆಂಪು ಸೆರಗು. ಇಳಕಲ್ ಸೀರೆಯಲ್ಲಿ ಮೈಯ ಎಳೆಯನ್ನೂ ಸೆರಗಿನ ಎಳೆಯನ್ನೂ ಕೊಂಡಿ ಹಾಕಿ ಕೂಡಿಸುತ್ತಾರೆ, ಬೆಳಕಿಗೆ ಹಿಡಿದರೆ ಆ ಜಾಗ ಕಾಣುತ್ತದೆ. ಸೀರೆಯ ಮೈ ಪಿಸಿದು ಹೋಗಿತ್ತು, ಕೊಂಡಿ ಮಾತ್ರ ಗಟ್ಟಿಯಾಗಿತ್ತು. ಆದರೆ ಸತ್ತವರ ಸೀರೆಯನ್ನು ಹುಟ್ಟುವ ಕೂಸಿಗೆ ಹೊದಿಸುವುದಾ? ಇಬ್ಬರು ಬೇಡವೇ ಬೇಡ ಎಂದರು. ನನ್ನ ಮಗಳು ಅಲ್ಲೇ ಕೂತಿದ್ದಳು, ಅಮೆರಿಕದ ಒಂದು ಸಂಗತಿ ಹೇಳಿದಳು. ಅಲ್ಲಿ ಏಡ್ಸ್ ರೋಗದಿಂದ ತೀರಿಕೊಂಡವರ ನೆನಪಿಗೆ ಮನೆಯವರು, ಗೆಳೆಯರು ಸೇರಿ ಒಬ್ಬೊಬ್ಬರ ಹೆಸರಿನಲ್ಲಿ ಬಟ್ಟೆ ಹೊಲಿದರಂತೆ, ಮೂರು ಅಡಿ ಅಗಲ, ಆರು ಅಡಿ ಉದ್ದ. 1987ರ ಅಕ್ಟೋಬರಿನಲ್ಲಿ ಅಂಥ 1,920 ತುಂಡುಗಳನ್ನು ವಾಷಿಂಗ್ಟನ್ನಿನ ಬಯಲಿನಲ್ಲಿ ಹಾಸಿದ್ದರಂತೆ. ತೀರಿಹೋದವರ ಅಂಗಿ, ಪ್ಯಾಂಟು, ಅವರು ಹಿಡಿದು ಆಡಿದ ಗೊಂಬೆಯನ್ನೂ ಅದರಲ್ಲಿ ಹೊಲಿದಿದ್ದರು ಎಂದಳು. ಎಲ್ಲರೂ ಸುಮ್ಮನಾದರು. ಆಮೇಲೆ ಅಜ್ಜಿ ಕೇಳಿದರು, "ಅವನ್ನ ಹೊದ್ಕೊಂಡ್ರೇನು?" ಇಲ್ಲ, ನೋಡಲು ಹಾಸಿದ್ದು ಎಂದಳು ಮಗಳು. "ಹಂಗಾರ ಅದು ಬ್ಯಾರೆ ಮಾತು. ಆದ್ರ ಈಕಿ ಅತ್ತಿ ಇದ್ದಿದ್ರ ಕೂಸಿನ್ನ ತನ್ನ ಸೆರಗನ್ಯಾಗೇ ಸುತ್ಕೊಂತಿದ್ಲು. ಹಾಕ್ರಿ." ಹಾಕಿದೆವು. ಸೆರಗು ನಟ್ಟನಡುವೆ ಬಂತು.

ಹೊಲಿಯಲು ಕೂತದ್ದು ನಮ್ಮ ಮನೆಯ ಪಡಸಾಲೆಯಲ್ಲಿ. ಕುರ್ಚಿ, ಟೀಪಾಯಿ ಎಲ್ಲ ಹೊರಗಿಟ್ಟೆವು. ಒಂದು ತೊಂದರೆ ಯಾರೂ ಎಣಿಸಿರಲಿಲ್ಲ. ಟೈಲ್ಸ್ ಮೇಲೆ ಅಡಿಯ ಸೀರೆ ಜಾರುತ್ತದೆ! ಸಾರಿಸಿದ ನೆಲದಲ್ಲಿ ಹೀಗಾಗುತ್ತಿರಲಿಲ್ಲ. ಕೊನೆಗೆ ಕೆಳಗೆ ಜಮಖಾನೆ ಹಾಸಿ, ನಾಲ್ಕು ಮೂಲೆಗೂ ನೀರು ತುಂಬಿದ ಕೊಡ ಇಟ್ಟೆವು. ಅಡಿಗೊಂದು ಸೀರೆ, ನಡುವೆ ಧೋತರ, ಹಳೆ ಲುಂಗಿ, ಮೇಲೆ ಬಣ್ಣಬಣ್ಣದ ತುಂಡುಗಳು. ಗುಳೇದಗುಡ್ಡದ ಖಣದ ಎರಡು ಹಳೆ ರವಿಕೆ ಬಿಚ್ಚಿ ಅಂಚಿಗೆ ಹಾಕಿದೆವು. ಮೊದಲು ಉದ್ದುದ್ದ ಕಚ್ಚಾ ಹೊಲಿಗೆ ಹಾಕಿ ಎಲ್ಲ ಹಿಡಿದುಕೊಂಡು, ಆಮೇಲೆ ನಾಲ್ಕೂ ದಿಕ್ಕಿನಿಂದ ನಡುವಿಗೆ ಹೊಲಿಯುತ್ತ ಹೋದೆವು. ಮೂರು ಕಡೆ ಇಬ್ಬಿಬ್ಬರು, ಒಂದು ಕಡೆ ಒಬ್ಬರೇ. ಆ ಒಬ್ಬರು ನಾನು. ಚಹಾ ಮಾಡಲು ಏಳಬೇಕಲ್ಲ, ಅಡಿಗೆಮನೆ ಕಡೆಯ ಅಂಚು ನನ್ನದು.

ಅಜ್ಜಿಗೆ ಸೂಜಿ ಪೋಣಿಸಲು ಕಣ್ಣು ಕಾಣುತ್ತಿರಲಿಲ್ಲ. ದಿನಾ ಹತ್ತು ಸೂಜಿಗೆ ದಾರ ಪೋಣಿಸಿ ದಿಂಬಿಗೆ ಚುಚ್ಚಿಡುವುದು ನನ್ನ ಮಗಳ ಕೆಲಸ. ಒಬ್ಬರು ಎಡಗೈಯವರು. ಮೊದಲು ಅವರನ್ನು ನೋಡಿ ನಕ್ಕೆವು. ಆದರೆ ಮೂಲೆಯಲ್ಲಿ ಇಬ್ಬರ ಕೈ ಒಂದಕ್ಕೊಂದು ತಾಗಿ ಸೂಜಿ ಚುಚ್ಚುತ್ತದಲ್ಲ, ಆ ಗೋಳು ಅವರ ಮೂಲೆಯಲ್ಲಿ ಮಾತ್ರ ಇರಲಿಲ್ಲ.

ಆರನೇ ದಿನ ನಡುವೆ ಬಟ್ಟೆ ಉಬ್ಬಿತು. ಹೊರಗಿನಿಂದ ಒಳಗೆ ಹೊಲಿಯುವಾಗ ಇದೇ ಭಯ. ಒಂದು ಕಡೆಯವರು ದಾರ ಜಾಸ್ತಿ ಬಿಗಿ ಎಳೆದರೆ, ಇನ್ನೊಂದು ಕಡೆಯವರು ಸಡಿಲ ಬಿಟ್ಟರೆ, ಹೆಚ್ಚಾದ ಬಟ್ಟೆಯೆಲ್ಲ ನಡುವಿಗೆ ಬಂದು ಗುಡ್ಡವಾಗುತ್ತದೆ. ಎಲ್ಲರೂ ನನ್ನ ಕಡೆ ನೋಡಿದರು. ನಾನೂ ನನ್ನದೇ ತಪ್ಪು ಅಂದುಕೊಂಡೆ. ಬೆರಳಿನಿಂದ ಸವರುತ್ತ ಬಂದಾಗ ಬಿಗಿ ಇದ್ದದ್ದು ಅಜ್ಜಿಯ ಕಡೆ. ಹೇಳುವವರು ಯಾರು? ಎಲ್ಲರೂ ಚಹಾದ ಮಾತು, ಮಳೆಯ ಮಾತು ತೆಗೆದರು. ಅಜ್ಜಿಗೆ ತಿಳಿಯಿತು. ತಾವೇ ಕತ್ತರಿ ತೆಗೆದುಕೊಂಡು, "ಕಣ್ಣ ಕಾಣಂಗಿಲ್ಲ, ಅದಕ ಕೈಲೇ ಜಗ್ಗಿ ನೋಡ್ತಿದ್ನಿ" ಎಂದು ಮೂರು ಸಾಲು ಬಿಚ್ಚಿದರು. ಆಮೇಲೆ ಅವರ ಪಕ್ಕದವರು ಎರಡು ಸಾಲಿಗೊಮ್ಮೆ ಅಂಗೈಯಿಂದ ಬಟ್ಟೆ ತೀಡುತ್ತಿದ್ದರು, ಸುಮ್ನೆ ತೀಡಿದ ಹಾಗೆ.

ಹನ್ನೊಂದು ಮಧ್ಯಾಹ್ನ ಹಿಡಿಯಿತು. ಮುಗಿಯುವ ದಿನ ಅಜ್ಜಿ ಮೂಲೆಯ ತೇಪೆಯೊಳಗೆ ರೊಟ್ಟಿಯ ಚೂರು ಇಟ್ಟು ಹೊಲಿದರು, ಕೌದಿ ಹಸಿದಿರಬಾರದಂತೆ. ಯಲ್ಲಾಪುರ, ಹಳಿಯಾಳದ ಕಡೆ ಸಿದ್ದಿ ಸಮುದಾಯದ ಹೆಣ್ಣುಮಕ್ಕಳೂ ಹೀಗೇ ಹೊಲಿಯುತ್ತಾರೆ, ಕವಂದಿ ಎನ್ನುತ್ತಾರೆ. ಅವರು ಮೂಲೆಗೆ ಬಟ್ಟೆ ಮಡಿಚಿ ಹೂವು ಇಡುತ್ತಾರೆ. ಅದಿಲ್ಲದಿದ್ದರೆ ಕೌದಿ ಬತ್ತಲೆ ಅಂತ ಅವರ ಮಾತು. ನಮ್ಮ ಕೌದಿಗೆ ಹಸಿವು, ಅವರದಕ್ಕೆ ನಾಚಿಕೆ.

ಕೂಸು ಹುಟ್ಟಿತು, ಕೌದಿ ಹೋಯಿತು. ಎರಡು ವರ್ಷದ ಮೇಲೆ ಇನ್ನೊಬ್ಬರ ಸೊಸೆ ಬಾಣಂತಿ. ಆಗ ಎದ್ದಿತು ಪ್ರಶ್ನೆ, ಈ ಕೌದಿ ಯಾರದು? ವೈನಿ ಕೊಡಲು ಸ್ವಲ್ಪ ಹಿಂದೆಮುಂದೆ ನೋಡಿದರು, ಸುಳ್ಳು ಯಾಕೆ ಹೇಳಲಿ. ಆದರೆ ಕೊಟ್ಟರು. ಅಲ್ಲಿಂದ ಅದು ಮನೆಯಿಂದ ಮನೆಗೆ ತಿರುಗುತ್ತಿದೆ, ಈಗ ನಾಲ್ಕನೇ ಕೂಸು. ಎಣ್ಣೆ, ಕಾಡಿಗೆ, ಇನ್ನೂ ಏನೇನೋ ಕಲೆ. ಒಗೆದರೆ ಒಬ್ಬರಿಂದ ಹಿಂಡಲು ಆಗುವುದಿಲ್ಲ, ಎರಡು ತುದಿಗೆ ಇಬ್ಬರು ಬೇಕು.

ಹೋದ ತಿಂಗಳು ಹುಬ್ಬಳ್ಳಿಯಿಂದ ಒಗೆಯಲು ಅಂತ ಬಂದಿತ್ತು. ಪಡಸಾಲೆಯಲ್ಲಿ ಹಾಸಿ ಎಲ್ಲರೂ ತಮ್ಮ ತಮ್ಮ ಅಂಚು ಹುಡುಕಿದೆವು. ನನ್ನ ಕಡೆ ಒಂದು ಮೂಲೆ ಹರಿದಿತ್ತು, ಯಾರೋ ನೀಲಿ ದಾರದಲ್ಲಿ ಮತ್ತೆ ಹೊಲಿದಿದ್ದರು. ನಮ್ಮ ಏಳೂ ಜನರ ಕೈ ಅಲ್ಲ ಅದು. ಫೋನ್ ಮಾಡಿ ಕೇಳಿದೆವು. ಕೂಸಿನ ಅಪ್ಪ ಹೊಲಿದನಂತೆ, ರಾತ್ರಿ ಕೂಸು ಮಲಗಿದ ಮೇಲೆ. ಅಜ್ಜಿ ಆ ಸಾಲಿನ ಮೇಲೆ ಬೆರಳಾಡಿಸಿ ನೋಡಿ, "ತಂಗಿ, ನಿಂದಕಿಂತ ಚಲೋ ಐತಿ ನೋಡ" ಎಂದರು.

ನಮಸ್ಕಾರ.