ಊರ್ ಪಟ್ಟಣದ ಟಗರು

ಎಲ್ಲರಿಗೂ ನಮಸ್ಕಾರ. ಈಗ ಸ್ಕ್ರೀನ್ ಮೇಲೆ ಕಾಣುತ್ತಿದೆಯಲ್ಲ, ಗಾಜಿನ ಪೆಟ್ಟಿಗೆಯೊಳಗೆ ಹಿಂಗಾಲ ಮೇಲೆ ನಿಂತು ಗಿಡಕ್ಕೆ ಮುಂಗಾಲು ಕೊಟ್ಟಿರುವ ಪ್ರಾಣಿ, ಅದನ್ನು ನೋಡೋದಕ್ಕೆ ಅಂತಲೇ ಬೆಳಿಗ್ಗೆ ಐದಕ್ಕೆ ಎದ್ದು ರೈಲು ಹಿಡಿದು ಲಂಡನ್‌ಗೆ ಬಂದಿದ್ದೇನೆ. ಇದು ಬ್ರಿಟಿಷ್ ಮ್ಯೂಸಿಯಂ, ಮಹಡಿಯ ಮೇಲೆ 56ನೇ ಕೋಣೆ. ಒಳಗೆ ಬರಲು ದುಡ್ಡು ಕೊಡಬೇಕಾಗಿಲ್ಲ. ಜನರೆಲ್ಲ ಈಜಿಪ್ಟಿನ ಮಮ್ಮಿಗಳ ಕಡೆ ನುಗ್ಗುತ್ತಾರೆ. ಹಾಗಾಗಿ ಈ ಕಡೆ ನೆಮ್ಮದಿಯಾಗಿ ನಿಂತು ನೋಡಬಹುದು.

ಎತ್ತರ ಒಂದೂವರೆ ಅಡಿ ಅಷ್ಟೆ. ಮುಖಕ್ಕೂ ಕಾಲಿಗೂ ಚಿನ್ನದ ತಗಡು. ಭುಜದ ಮೇಲಿನ ನೀಲಿ ಉಣ್ಣೆ ಲಾಪಿಸ್ ಲಜುಲಿ ಎಂಬ ಕಲ್ಲು, ಅದು ಅಫ್ಘಾನಿಸ್ತಾನದಿಂದ ಬಂದದ್ದು. ಬಿಳಿ ಉಣ್ಣೆ ಚಿಪ್ಪಿನದು. ಒಂದೊಂದು ಎಸಳನ್ನೂ ಕೈಯಲ್ಲಿ ಕೆತ್ತಿ ಅಂಟಿಸಿದ್ದಾರೆ. ಇದಕ್ಕೆ ಸುಮಾರು 4,500 ವರ್ಷ ವಯಸ್ಸು.

ಹೆಸರು? 'ಪೊದೆಯಲ್ಲಿ ಸಿಕ್ಕಿಕೊಂಡ ಟಗರು.' ಸಂಡೇ ಸ್ಕೂಲಿಗೆ ಹೋದವರಿಗೆ ತಕ್ಷಣ ಗೊತ್ತಾಗುತ್ತೆ. ಬೈಬಲಿನ ಆದಿಕಾಂಡ, 22ನೇ ಅಧ್ಯಾಯ. ದೇವರ ಮಾತಿನಂತೆ ಬಲಿ ಕೊಡೋದಕ್ಕೆ ಅಬ್ರಹಾಮ ಮಗ ಇಸಾಕನ ಮೇಲೆ ಕತ್ತಿ ಎತ್ತಿದ್ದಾನೆ, ದೇವರು ತಡೆಯುತ್ತಾನೆ, ತಿರುಗಿ ನೋಡಿದರೆ ಪೊದೆಯಲ್ಲಿ ಕೊಂಬು ಸಿಕ್ಕಿಸಿಕೊಂಡ ಒಂದು ಟಗರು. ಮಗನ ಬದಲು ಅದು ಬಲಿಯಾಗುತ್ತೆ. ಈ ಬೊಂಬೆಯನ್ನು ಅಗೆದು ತೆಗೆದ ಲಿಯೊನಾರ್ಡ್ ವುಲ್ಲಿ ಒಬ್ಬ ಪಾದ್ರಿಯ ಮಗ. ಅವರಿಗೆ ಆ ಕಥೆ ನೆನಪಾಗದೆ ಇರುತ್ತಾ! ಹೆಸರು ಅವರೇ ಇಟ್ಟದ್ದು. ಆದರೆ ಇದನ್ನು ಮಾಡಿದವರು ಅಬ್ರಹಾಮನ ಕಥೆ ಕೇಳಿದವರಲ್ಲ. ಅವರು ಸುಮೇರಿಯನ್ನರು, ಈಗಿನ ಇರಾಕಿನ ದಕ್ಷಿಣದಲ್ಲಿ ಬಲು ಹಿಂದೆ ಬಾಳಿದ ಜನ. ಇದು ಸಿಕ್ಕಿದ್ದು ಅವರ ಊರ್ ಎಂಬ ಪಟ್ಟಣದಲ್ಲಿ.

ಚಿಕ್ಕವಳಿದ್ದಾಗ ನಮ್ಮ ಚರ್ಚಿನ ಸಭೆಯಲ್ಲಿ 'ಅಬ್ರಹಾಮ ಕಲ್ದೀಯರ ಊರ್ ಬಿಟ್ಟು ಹೊರಟ' ಅಂತ ಓದಿದಾಗಲೆಲ್ಲ, ನಮ್ಮ ಹಾಗೇ ಯಾವುದೋ ಒಂದು ಹಳ್ಳಿ ಬಿಟ್ಟು ಹೊರಟ ಅಂದುಕೊಂಡಿದ್ದೆ. ಊರು ಅಂದರೆ ಊರು, ಇನ್ನೇನು? ಅದು ಪಟ್ಟಣದ ಹೆಸರೇ ಅಂತ ತಿಳಿಯುವಷ್ಟರಲ್ಲಿ ಏಳನೇ ಕ್ಲಾಸಾಗಿತ್ತು. ಅಂದ ಹಾಗೆ, ಈ 'ಊರ್' ಪದ ಹಿಡಿದುಕೊಂಡು ಸುಮೇರಿಯನ್ನರು ಕನ್ನಡ ಮಾತಾಡುತ್ತಿದ್ದರು ಅಂತ ವಾಟ್ಸಾಪ್‌ನಲ್ಲಿ ಬರುತ್ತಿರುತ್ತೆ. ದಯವಿಟ್ಟು ಫಾರ್ವರ್ಡ್ ಮಾಡಬೇಡಿ. ಸುಮೇರಿಯನ್ ಭಾಷೆಗೆ ಗೊತ್ತಿರುವ ನೆಂಟರೇ ಇಲ್ಲ, ಒಂಟಿ ಭಾಷೆ.

ಆ ಊರ್ ಇರುವುದು ಇರಾಕಿನ ದಕ್ಷಿಣದಲ್ಲಿ, ನಾಸಿರಿಯಾ ಪಟ್ಟಣದ ಹತ್ತಿರ. ಈಗ ಸುತ್ತಲೂ ಒಣಭೂಮಿ. ಆಗ ಯೂಫ್ರಟೀಸ್ ನದಿ ಪಕ್ಕದಲ್ಲೇ ಹರಿಯುತ್ತಿತ್ತು. 2021ರ ಮಾರ್ಚ್‌ನಲ್ಲಿ ಪೋಪ್ ಫ್ರಾನ್ಸಿಸ್ ಅಲ್ಲಿಗೆ ಹೋಗಿ ಪ್ರಾರ್ಥನೆ ಮಾಡಿದ್ದು ನಿಮಗೆ ನೆನಪಿರಬಹುದು. ಟಿವಿಯಲ್ಲಿ ಹಿಂದೆ ಒಂದು ದೊಡ್ಡ ಮೆಟ್ಟಿಲ ಗುಡ್ಡ ಕಾಣುತ್ತಿತ್ತಲ್ಲ, ಅದು ಜಿಗ್ಗುರಾತ್, ಅಂದರೆ ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿದ ಗುಡಿಯ ದಿಬ್ಬ. 'ನನ್ನಾ' ಎಂಬ ಹೆಸರಿನ ಚಂದ್ರದೇವನಿಗಾಗಿ ಊರ್‌-ನಮ್ಮು ಎಂಬ ರಾಜ ಕ್ರಿ.ಪೂ. 2100ರ ಸುಮಾರಿಗೆ ಕಟ್ಟಿಸಿದ್ದು. ಒಳಗೆ ಹಸಿ ಇಟ್ಟಿಗೆ, ಹೊರಗೆ ಸುಟ್ಟ ಇಟ್ಟಿಗೆ, ನಡುವೆ ಗಾರೆಯ ಬದಲು ಡಾಂಬರು. ಬೈಬಲಿನ ಬಾಬೆಲ್ ಗೋಪುರದ ಕಥೆಯಲ್ಲೂ ಇದೇ ಇದೆ: ಕಲ್ಲಿಗೆ ಬದಲು ಇಟ್ಟಿಗೆ, ಗಾರೆಗೆ ಬದಲು ಕಲ್ಲರಗು, ಅಂದರೆ ಡಾಂಬರು. ಬರೆದವರಿಗೆ ಆ ಸೀಮೆಯ ಗಾರೆ ಕೆಲಸ ಚೆನ್ನಾಗಿ ಗೊತ್ತಿತ್ತು.

ಸುಮೇರಿಯನ್ನರು ಅಂದರೆ ಬರೀ ವಿಗ್ರಹ ಪೂಜೆ, ಬರೀ ಪಾಪ, ಅದಕ್ಕೇ ದೇವರು ಅಬ್ರಹಾಮನನ್ನು ಹೊರಗೆ ಕರೆದ. ಇಷ್ಟೇ ನನಗೆ ಕಲಿಸಿದ್ದು. ಓದುತ್ತಾ ಹೋದ ಹಾಗೆ ಮುಜುಗರ ಶುರುವಾಯಿತು. ಜಗತ್ತಿನ ಅತಿ ಹಳೆಯ ಬರವಣಿಗೆಗಳಲ್ಲಿ ಒಂದು ಅವರದು. ನಿಮ್ಮ ವಾಚಿನಲ್ಲಿ ಗಂಟೆಗೆ 60 ನಿಮಿಷ ಇರುವುದು ಅವರು 60ರ ಲೆಕ್ಕದಲ್ಲಿ ಎಣಿಸುತ್ತಿದ್ದರು ಅಂತ. ಅದೂ ಹೋಗಲಿ. ಇದೇ ಊರ್‌-ನಮ್ಮು ಹೆಸರಲ್ಲಿ ಒಂದು ಕಾನೂನು ಸಂಹಿತೆ ಸಿಕ್ಕಿದೆ, ನಮಗೆ ಸಿಕ್ಕಿರುವುದರಲ್ಲೆಲ್ಲ ಹಳೆಯದು. ಅದರ ಮುನ್ನುಡಿಯಲ್ಲಿ ರಾಜ ಹೇಳಿಕೊಳ್ಳುತ್ತಾನೆ: ಅನಾಥರನ್ನು ಸಾಹುಕಾರರ ಕೈಗೆ ಬಿಡಲಿಲ್ಲ, ವಿಧವೆಯನ್ನು ಬಲಾಢ್ಯರ ಕೈಗೆ ಬಿಡಲಿಲ್ಲ, ಒಂದು ಶೆಕೆಲ್ ಇರುವವನನ್ನು ಒಂದು ಮಿನಾ ಇರುವವನ ಕೈಗೆ ಬಿಡಲಿಲ್ಲ. ಶೆಕೆಲ್, ಮಿನಾ ಎರಡೂ ಬೆಳ್ಳಿ ತೂಗುವ ಅಳತೆ, 60 ಶೆಕೆಲ್ ಸೇರಿದರೆ ಒಂದು ಮಿನಾ.

ಇದು ಬೈಬಲಿನಲ್ಲಿ ದೇವರ ಧರ್ಮಶಾಸ್ತ್ರ ತಂದುಕೊಟ್ಟ ಮೋಶೆಗಿಂತ ಎಷ್ಟೋ ನೂರು ವರ್ಷ ಮುಂಚಿನ ಮಾತು. ಮೊದಲ ಸಲ ಓದಿದಾಗ ನನ್ನ ನಂಬಿಕೆಗೇ ಯಾರೋ ಕೈ ಹಾಕಿದ ಹಾಗಾಗಿತ್ತು. ಆಮೇಲೆ ರೋಮಾಪುರದವರಿಗೆ ಯೇಸುವಿನ ಅಪೊಸ್ತಲ ಪೌಲ ಬರೆದದ್ದು ನೆನಪಾಯಿತು. ಧರ್ಮಶಾಸ್ತ್ರ ಇಲ್ಲದ ಜನರ ಹೃದಯದಲ್ಲೂ ಅದರ ಅಕ್ಷರ ಇದೆ ಅಂತಾನಲ್ಲ? ಹಾಗಿದ್ದಮೇಲೆ ಊರ್‌ನಲ್ಲಿ ವಿಧವೆಯ ಬಗ್ಗೆ ಯಾರೋ ಯೋಚಿಸಿದ್ದರೆ ನಾನು ಖುಷಿಪಡಬೇಕು, ಹೆದರಬೇಕಾಗಿಲ್ಲ. ಒಂದು ವ್ಯತ್ಯಾಸ ಮಾತ್ರ ಕಣ್ಣಿಗೆ ಬೀಳುತ್ತೆ. ಅಲ್ಲಿ ರಾಜ ತನ್ನ ಸಾಧನೆ ಹೇಳಿಕೊಳ್ಳುತ್ತಿದ್ದಾನೆ. ವಿಮೋಚನಕಾಂಡ 22ರಲ್ಲಿ ದೇವರೇ ಮಾತಾಡುತ್ತಾನೆ: ವಿಧವೆಯರು, ಅನಾಥರು ಕೂಗಿಕೊಂಡರೆ ನಾನು ಕೇಳಿಯೇ ಕೇಳುತ್ತೇನೆ. ವಿಧವೆ ರಾಜನನ್ನು ದಾಟಿ ನೇರವಾಗಿ ಅರ್ಜಿ ಹಾಕಬಹುದು. (ನೋಹನ ಜಲಪ್ರಳಯದಂಥದ್ದೇ ಕಥೆ ಇರುವ ಮಣ್ಣಿನ ಹಲಗೆಯೂ ಇದೇ ಮ್ಯೂಸಿಯಂನಲ್ಲಿದೆ. ಅದಕ್ಕೆ ಬೇರೆ ವಿಡಿಯೋನೇ ಬೇಕು.)

ಈಗ ಕ್ಯಾಮೆರಾ ಸ್ವಲ್ಪ ಆಚೆ ತಿರುಗಿಸುತ್ತೇನೆ. ಇದನ್ನು 'ಊರ್‌ನ ಸ್ಟ್ಯಾಂಡರ್ಡ್' ಅಂತಾರೆ. ನೀಲಿ ಕಲ್ಲು, ಚಿಪ್ಪು, ಕೆಂಪು ಕಲ್ಲು ಸೇರಿಸಿ ಮಾಡಿದ ಪೆಟ್ಟಿಗೆಯಂಥದ್ದು. ಒಂದು ಬದಿ ಯುದ್ಧ, ಇನ್ನೊಂದು ಬದಿ ಹಬ್ಬ. ಹಬ್ಬದ ಬದಿ ನೋಡಿ. ಮೇಲಿನ ಸಾಲಲ್ಲಿ ರಾಜ ಕುಳಿತು ಕುಡಿಯುತ್ತಿದ್ದಾನೆ, ಎಲ್ಲರಿಗಿಂತ ದೊಡ್ಡದಾಗಿ. ಕೆಳಗಿನ ಸಾಲಿನವರು ಮೂಟೆ ಹೊತ್ತಿದ್ದಾರೆ, ಪಟ್ಟಿಯನ್ನು ಹಣೆಗೆ ಕೊಟ್ಟುಕೊಂಡು. ಸುಮೇರಿಯನ್ನರ ಒಂದು ಕಥೆಯಲ್ಲಿ ಮನುಷ್ಯ ಹುಟ್ಟಿದ್ದೇ ಹೀಗೆ. ಚಿಕ್ಕ ದೇವರುಗಳು ಕಾಲುವೆ ತೋಡಿ ತೋಡಿ ಸುಸ್ತಾಗಿ ಗೊಣಗುತ್ತಾರೆ. ಆಗ ಎಂಕಿ ದೇವರ ಉಪಾಯದಂತೆ ಜೇಡಿಮಣ್ಣಿನಿಂದ ಮನುಷ್ಯನನ್ನು ಮಾಡುತ್ತಾರೆ, ಇನ್ಮೇಲೆ ಬುಟ್ಟಿ ನೀನು ಹೊರು ಅಂತ. ಗುಡಿಗಳಲ್ಲಿ ದೇವರಿಗೆ ದಿನಾ ಊಟ ಇಡುವುದೂ ಮನುಷ್ಯನ ಕೆಲಸವೇ.

ಆದಿಕಾಂಡದಲ್ಲೂ ಮಣ್ಣೇ. ಆದರೆ ತೋಟ ನೆಟ್ಟಿದ್ದು ದೇವರು. 'ಇಗೋ, ಇದು ನಿಮ್ಮ ಆಹಾರ' ಅಂತ ಬಡಿಸಿದ್ದೂ ದೇವರು. ಯಾರು ಯಾರಿಗೆ ಊಟ ಹಾಕುತ್ತಾರೆ ಅನ್ನುವುದು ಸಣ್ಣ ವಿಷಯ ಅನಿಸಬಹುದು. ನನಗೆ ಹಾಗೆ ಅನಿಸುವುದಿಲ್ಲ. ಯಾಕೆ ಅಂತ ಹೇಳುತ್ತೇನೆ.

ವುಲ್ಲಿ 1922ರಿಂದ 1934ರವರೆಗೆ ಊರ್‌ನಲ್ಲಿ ಅಗೆದರು. ಒಂದು ಸ್ಮಶಾನ ಸಿಕ್ಕಿತು, ಸುಮಾರು 1,800 ಸಮಾಧಿ. ಅದರಲ್ಲಿ 16 ಸಮಾಧಿಗಳನ್ನು ರಾಜಮನೆತನದವು ಅಂದರು. ಅವುಗಳಲ್ಲಿ ಒಂದು ಗುಂಡಿಗೆ ಅವರೇ ಇಟ್ಟ ಹೆಸರು 'ಮಹಾ ಮರಣಗುಂಡಿ'. ಒಳಗೆ 74 ಜನ. ಬಾಗಿಲ ಹತ್ತಿರ ಆರು ಗಂಡಸರು. ಉಳಿದ 68 ಜನ ಹೆಂಗಸರು, ಸಾಲು ಸಾಲಾಗಿ, ಒಡವೆ ಹಾಕಿಕೊಂಡು. ಯಜಮಾನರು ಸತ್ತರು ಅಂತ ಅವರ ಜೊತೆ ಹೋದ ಸೇವಕರು.

ವುಲ್ಲಿ ಅಂದುಕೊಂಡದ್ದು, ಇವರೆಲ್ಲ ತಾವಾಗಿಯೇ ನಡೆದು ಬಂದು, ಬಟ್ಟಲಲ್ಲಿದ್ದ ವಿಷ ಕುಡಿದು ಸುಮ್ಮನೆ ಮಲಗಿಕೊಂಡರು ಅಂತ. ಕೇಳೋದಕ್ಕೆ ಶಾಂತವಾಗಿದೆ, ಅಲ್ವಾ? ಎಷ್ಟೋ ವರ್ಷ ಆದಮೇಲೆ ಅಮೆರಿಕದ ಪೆನ್ ಮ್ಯೂಸಿಯಂನವರು ಈ ಸ್ಮಶಾನದ ಎರಡು ತಲೆಬುರುಡೆಗಳನ್ನು ಸಿ.ಟಿ. ಸ್ಕ್ಯಾನ್ ಮಾಡಿಸಿದರು. ತಲೆಗೆ ಬಲವಾದ ಪೆಟ್ಟು ಬಿದ್ದಿತ್ತು.

ಆ ಹೆಂಗಸರಲ್ಲಿ ತುಂಬ ಜನರ ಕೂದಲಿಗೆ ಚಿನ್ನದ ಇಲ್ಲವೇ ಬೆಳ್ಳಿಯ ರಿಬ್ಬನ್ ಇತ್ತು. ಒಬ್ಬಳ ತಲೆಯಲ್ಲಿ ಮಾತ್ರ ಇರಲಿಲ್ಲ. ಅವಳ ಬೆಳ್ಳಿ ರಿಬ್ಬನ್ ಸೊಂಟದ ಹತ್ತಿರ ಸಿಕ್ಕಿತು, ಸುರುಳಿ ಸುತ್ತಿದ ಹಾಗೇ. ತಡವಾಗಿ ಓಡಿ ಬಂದಿರಬೇಕು, ಕಟ್ಟಿಕೊಳ್ಳಲು ಟೈಮ್ ಸಿಕ್ಕಿಲ್ಲ ಅಂತ ವುಲ್ಲಿ ಬರೆದರು. ಭಾನುವಾರ ಬೆಳಿಗ್ಗೆ ಎರಡು ಜಡೆ ಹಾಕಿಸಿಕೊಂಡು, ಒಂದು ರಿಬ್ಬನ್ ಕೈಯಲ್ಲೇ ಹಿಡಿದು ಗಂಟೆ ಹೊಡೆಯುವ ಮುಂಚೆ ಚರ್ಚಿಗೆ ಓಡಿದವಳು ನಾನು. ಇದನ್ನು ಓದಿದ ದಿನ ರಾತ್ರಿ ಊಟ ಸೇರಲಿಲ್ಲ.

ಇಷ್ಟೊತ್ತು ನೋಡುತ್ತಿದ್ದೆವಲ್ಲ ಈ ಚಿನ್ನದ ಟಗರು, ಇದು ಸಿಕ್ಕಿದ್ದು ಅದೇ ಗುಂಡಿಯಲ್ಲಿ.

ಒಳಗಿನ ಮರ ಕೊಳೆತುಹೋಗಿತ್ತು. ಚೂರುಗಳು ಚೆಲ್ಲಾಪಿಲ್ಲಿ ಆಗದಿರಲಿ ಅಂತ ಕರಗಿಸಿದ ಮೇಣ ಸುರಿದು, ಜೋಪಾನವಾಗಿ ಎತ್ತಿದರು. ಒಬ್ಬ ಹುಡುಗನ ಬದಲಿಗೆ ಸತ್ತ ಟಗರಿನ ಹೆಸರು, 74 ಜನರಿಗೆ ಬದಲಿ ಯಾರೂ ಬಾರದ ಜಾಗದ ಬೊಂಬೆಗೆ. ವುಲ್ಲಿಗೆ ಇದು ಹೊಳೆದಿತ್ತೋ ಇಲ್ಲವೋ, ನನಗಂತೂ ಇಲ್ಲಿ ನಿಂತಾಗ ಅದೊಂದೇ ತಲೆಯಲ್ಲಿ.

ಅಬ್ರಹಾಮನ ಕಾಲಕ್ಕೆ ಈ ಗುಂಡಿ ಮುಚ್ಚಿ ಎಷ್ಟೋ ತಲೆಮಾರು ಆಗಿತ್ತು. ಅವನು ಇದನ್ನು ನೋಡಿದ್ದ ಅಂತ ನಾನು ಹೇಳುತ್ತಿಲ್ಲ. ಇಸಾಕನನ್ನು ಬಲಿಗೆ ಕರೆದೊಯ್ದ ಮೊರೀಯ ಬೆಟ್ಟದ ಕಥೆ ನನಗೆ ಯಾವತ್ತೂ ಸಲೀಸಾಗಿ ಅರಗಿದ್ದೂ ಇಲ್ಲ. ಆದರೆ ದೊಡ್ಡವರಿಗಾಗಿ ಚಿಕ್ಕವರು ಸಾಯಬೇಕು ಅನ್ನುವುದನ್ನು ಯಾರೂ ಪ್ರಶ್ನೆ ಮಾಡದ ಲೋಕ ಅದು. ಅಲ್ಲಿ 'ಹುಡುಗನ ಮೇಲೆ ಕೈ ಹಾಕಬೇಡ' ಅನ್ನುವ ಒಂದು ಧ್ವನಿ ಎಷ್ಟು ಹೊಸದು ಅಂತ ಈ ಕೋಣೆಯಲ್ಲಿ ಅರ್ಥವಾಯಿತು. ಯೇಸು ಶಿಷ್ಯರಿಗೆ ಹೇಳಿದ್ದೂ ಇದೇ ಲೆಕ್ಕದ ತಲೆಕೆಳಗು: ಸೇವೆ ಮಾಡಿಸಿಕೊಳ್ಳೋದಕ್ಕಲ್ಲ, ಮಾಡೋದಕ್ಕೆ ಬಂದೆ, ಅನೇಕರಿಗಾಗಿ ಪ್ರಾಣ ಕೊಡೋದಕ್ಕೆ ಬಂದೆ. ಊರ್‌ನಲ್ಲಿ ಬಟ್ಟಲು ಸೇವಕರ ಕೈಯಲ್ಲಿತ್ತು. ಯೇಸು ಸಾಯುವ ಹಿಂದಿನ ರಾತ್ರಿ, ಮೇಲಂತಸ್ತಿನ ಕೊಠಡಿಯ ಆ ಕೊನೆಯ ಊಟದಲ್ಲಿ, ಬಟ್ಟಲನ್ನು ಯಜಮಾನನೇ ಎತ್ತಿಕೊಂಡ.

ಹೊರಗೆ ಬಂದು ಮೆಟ್ಟಿಲ ಮೇಲೆ ಕುಳಿತು ಅಮ್ಮನಿಗೆ ಫೋಟೋ ಕಳಿಸಿದೆ. 'ನೋಡು, ಪೊದೆಯಲ್ಲಿ ಸಿಕ್ಕಿಕೊಂಡ ಟಗರು' ಅಂತ ಬರೆದೆ. ಎರಡೇ ನಿಮಿಷಕ್ಕೆ ಫೋನ್ ಬಂತು. ಅಮ್ಮ ಚಿಕ್ಕಂದಿನಲ್ಲಿ ಮೇಕೆ ಕಾದವಳು.

'ಇದು ಟಗರಲ್ಲ ಕಣೇ, ಹೋತ,' ಅಂದಳು. ನಿಜ, ಮ್ಯೂಸಿಯಂನವರೂ ಮೇಕೆ ಅಂತಲೇ ಹೇಳುತ್ತಾರೆ.

'ಮತ್ತೆ ಸಿಕ್ಕಿಕೊಂಡೂ ಇಲ್ಲ. ಚಿಗುರು ಎಟುಕಲ್ಲ ಅಂತ ಕಾಲು ಕೊಟ್ಟು ನಿಂತಿದೆ. ಹೊಟ್ಟೆ ಹಸಿದಿದೆ ಅದಕ್ಕೆ.' ಆಮೇಲೆ, 'ನೀನೇನಾದ್ರೂ ತಿಂದ್ಯಾ?'